ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆ ಜಾಸ್ತಿ ಆಯ್ತು ಅಂತ ಅಪೀಲು ಹಾಕಬಹುದಾ?

ಇಪ್ಪತ್ತು ವರ್ಷದ ಒಬ್ಬ ಹುಡುಗ ಅಂದುಕೊಳ್ಳಿ. ಬಸ್ ನಿಲ್ದಾಣದ ಬೆಂಚಿನ ಮೇಲೆ ಯಾರೋ ಇಟ್ಟಿದ್ದ ಹದಿನೈದು ಸಾವಿರದ ಮೊಬೈಲ್ ಎತ್ತಿಕೊಂಡು ಹೋಗಿ ಸಿಕ್ಕಿಬಿದ್ದ. ಹಿಂದೆ ಯಾವ ಕೇಸೂ ಇಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಆರೋಪ ಓದಿ ಹೇಳಿದರು, ಒಪ್ಪಿಕೊಳ್ಳುತ್ತೀಯಾ ಅಂತ ಕೇಳಿದರು. "ಹೌದು ಸ್ವಾಮಿ" ಅಂದುಬಿಟ್ಟ. ಒಪ್ಪಿಕೊಂಡರೆ ಬೇಗ ಬಿಡ್ತಾರೆ ಅಂತ ಯಾರೋ ಕಿವಿಯಲ್ಲಿ ಊದಿದ್ದರು. ಆದೇಶ ಬಂತು: ಎರಡು ವರ್ಷ ಜೈಲು, ಹತ್ತು ಸಾವಿರ ರೂಪಾಯಿ ದಂಡ, ದಂಡ ಕಟ್ಟದಿದ್ದರೆ ಇನ್ನೂ ಒಂದು ವರ್ಷ ಜೈಲು.

ಇದು ವಿಷಯ ಬಿಡಿಸಿ ಹೇಳೋಕೆ ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಇಂಥ ಮನೆಯವರು ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ. ಅವನೇ ಒಪ್ಪಿಕೊಂಡಾಯ್ತಲ್ಲ, ಇನ್ನು ಅಪೀಲು ಎಲ್ಲಿಂದ ಬಂತು?

ಅಪೀಲು ಇದೆ, ಆದರೆ ಅರ್ಧ ಮಾತ್ರ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ವಕೀಲರ ಬಾಯಲ್ಲಿ ಬಿಎನ್‌ಎಸ್‌ಎಸ್‌ನ, 416ನೇ ಸೆಕ್ಷನ್ ಇದನ್ನು ಹೇಳುತ್ತದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದೇ ಮಾತು 375ನೇ ಸೆಕ್ಷನ್‌ನಲ್ಲಿತ್ತು. ಆರೋಪಿ ತಪ್ಪೊಪ್ಪಿಕೊಂಡು, ಅದರ ಮೇಲೆಯೇ ಅವನನ್ನು ಅಪರಾಧಿ ಅಂತ ತೀರ್ಮಾನಿಸಿದ್ದರೆ ಆ ತೀರ್ಮಾನದ ಮೇಲೆ ಅಪೀಲು ಇಲ್ಲ. ಆದರೆ ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯ ಪ್ರಮಾಣ ಎಷ್ಟು, ಆ ಶಿಕ್ಷೆ ಕಾನೂನಿಗೆ ಸರಿಯಾಗಿದೆಯಾ ಅನ್ನುವ ಎರಡು ವಿಷಯಕ್ಕೆ ಅಪೀಲು ಹಾಕಬಹುದು. ಹೈಕೋರ್ಟೇ ನೇರವಾಗಿ ವಿಚಾರಣೆ ಮಾಡಿ ಶಿಕ್ಷೆ ಕೊಟ್ಟಿದ್ದರೆ ಅದೂ ಇಲ್ಲ. ಹಾಗಾಗುವುದು ಬಹಳ ಅಪರೂಪ, ಬಿಡಿ.

ಇದರ ಹಿಂದಿನ ಯೋಚನೆ ಸರಳ. "ನಾನು ಮಾಡಿದೆ" ಅಂತ ಒಪ್ಪಿದವನು ಆಮೇಲೆ "ಮಾಡಿಲ್ಲ" ಅಂತ ತಿರುಗಿಬೀಳುವಂತಿಲ್ಲ. ಆದರೆ ಅವನು ಒಪ್ಪಿದ್ದು ತಪ್ಪನ್ನು. ಎಷ್ಟು ಶಿಕ್ಷೆ ಕೊಟ್ಟರೂ ಸರಿ ಅಂತ ಅವನು ಒಪ್ಪಿಲ್ಲವಲ್ಲ.

ಸಣ್ಣ ದಂಡಗಳಿಗೆ ಮಾತ್ರ ಈ ದಾರಿ ಇಲ್ಲ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಬರೀ 100 ರೂಪಾಯಿವರೆಗಿನ ದಂಡ ಹಾಕಿದ್ದರೆ, ಅಥವಾ ಸಂಕ್ಷಿಪ್ತ ವಿಚಾರಣೆಯಲ್ಲಿ ಬರೀ 200 ರೂಪಾಯಿವರೆಗಿನ ದಂಡ ಹಾಕಿದ್ದರೆ, 417ನೇ ಸೆಕ್ಷನ್ ಪ್ರಕಾರ ಅಪೀಲು ಇಲ್ಲ. ಈ ಮೊತ್ತಗಳು ಯಾವ ಕಾಲದವೋ! ಹೊಸ ಕಾನೂನು ಬರೆದವರೂ ಅವನ್ನು ಮುಟ್ಟದೆ ಹಾಗೇ ಬಿಟ್ಟಿದ್ದಾರೆ.

ಮೊದಲು ಲೆಕ್ಕ ನೋಡಿ

ಶಿಕ್ಷೆ ಜಾಸ್ತಿ ಅಂತ ಅಳುವುದಕ್ಕೆ ಮುಂಚೆ ಅದು ಕಾನೂನಿನ ಅಳತೆಯೊಳಗೇ ಇದೆಯಾ ಅಂತ ನೋಡಬೇಕು. ಅನುಭವಿ ವಕೀಲರು ಆದೇಶದ ಕೊನೆಯ ಪುಟವನ್ನೇ ಮೊದಲು ಓದುವುದು ಅದಕ್ಕೇ. ಪ್ರಮಾಣದ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಲೆಕ್ಕ ತಪ್ಪಿದ್ದರೆ ಅಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ.

ನಮ್ಮ ಹುಡುಗನ ಆದೇಶವನ್ನೇ ತೆಗೆದುಕೊಳ್ಳಿ. ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಅಂತ ಹೇಳುವ ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೊಡಬಹುದಾದ ಜೈಲು ಶಿಕ್ಷೆಯೂ ಗರಿಷ್ಠ ಮೂರು ವರ್ಷವೇ, ದಂಡ 50,000 ರೂಪಾಯಿವರೆಗೆ. ಹಾಗಾಗಿ ಎರಡು ವರ್ಷ, ಹತ್ತು ಸಾವಿರ ದಂಡ ಎರಡೂ ಅಳತೆಯೊಳಗಿವೆ. ಆದರೆ ದಂಡ ಕಟ್ಟದಿದ್ದರೆ ಒಂದು ವರ್ಷ ಅಂದರಲ್ಲ, ಅದು ತಪ್ಪು. ಜೈಲು ಮತ್ತು ದಂಡ ಎರಡೂ ಇರುವ ಅಪರಾಧಗಳಲ್ಲಿ, ದಂಡ ಕಟ್ಟದ್ದಕ್ಕೆ ಕೊಡುವ ಜೈಲು ಆ ಅಪರಾಧದ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ ಮೀರಬಾರದು. ಮೂರು ವರ್ಷದ ಕಾಲು ಭಾಗ ಅಂದರೆ ಒಂಬತ್ತು ತಿಂಗಳು. ಒಂದು ವರ್ಷ ಅಂತ ಬರೆದದ್ದು ಕಾನೂನಿಗೆ ವಿರುದ್ಧ. ಈ ಮೂರು ತಿಂಗಳು ಇಳಿಸೋಕೆ ದೊಡ್ಡ ವಾದವೇನೂ ಬೇಡ, ಸೆಕ್ಷನ್ ತೋರಿಸಿದರೆ ಸಾಕು.

ಕದ್ದ ವಸ್ತು 5,000 ರೂಪಾಯಿಗಿಂತ ಕಡಿಮೆ ಬೆಲೆಯದ್ದಾಗಿ, ಅವನು ಮೊದಲ ಸಲದ ಅಪರಾಧಿಯಾಗಿ, ವಸ್ತುವನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟಿದ್ದರೆ ಹೊಸ ಕಾನೂನಿನಲ್ಲಿ ಜೈಲೇ ಇಲ್ಲ, ಸಮುದಾಯ ಸೇವೆ. ಅಂಥವನಿಗೆ ಜೈಲು ಹಾಕಿದ್ದರೆ ಅದೂ ಇದೇ ಜಾತಿಯ ತಪ್ಪು. ಇನ್ನೊಂದು ಕಡೆ ನೋಡುವುದಿದೆ. ವಿಚಾರಣೆ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕು ಅನ್ನುತ್ತದೆ ಬಿಎನ್‌ಎಸ್‌ಎಸ್‌ನ 468ನೇ ಸೆಕ್ಷನ್. ಆದರೆ ದಂಡ ಕಟ್ಟದ್ದಕ್ಕೆ ಅನುಭವಿಸುವ ಜೈಲಿಗೆ ಈ ಕಳೆಯುವಿಕೆ ಅನ್ವಯಿಸುವುದಿಲ್ಲ. ಬಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೂಲ ಶಿಕ್ಷೆ ಮುಗಿದಿರುತ್ತದೆ, ಹತ್ತು ಸಾವಿರ ಹೊಂದಿಸಲಾಗದೆ ಒಳಗೇ ಇರುತ್ತಾರೆ. ಅದಕ್ಕೇ ಅಪೀಲಿನಲ್ಲಿ ಜೈಲಿನ ಜೊತೆ ದಂಡದ ಮೊತ್ತವನ್ನೂ ಪ್ರಶ್ನಿಸಬೇಕು. ಎಷ್ಟೋ ಜನ ಅದನ್ನು ಮರೆತೇಬಿಡುತ್ತಾರೆ.

"ಜಾಸ್ತಿ" ಅನ್ನೋಕೆ ಅಳತೆಗೋಲು ಯಾವುದು?

ಕಷ್ಟ ಇರುವುದು ಇಲ್ಲಿ. ಮೂರು ವರ್ಷದವರೆಗೆ ಅಂತ ಕಾನೂನು ಹೇಳಿದರೆ ಒಂದು ದಿನವೂ ಕಾನೂನುಬದ್ಧ, ಮೂರು ವರ್ಷವೂ ಕಾನೂನುಬದ್ಧ. ನಡುವೆ ಎಲ್ಲಿ ನಿಲ್ಲಬೇಕು ಅಂತ ಹೇಳುವ ಪಟ್ಟಿ ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ ಶಿಕ್ಷೆಯ ಮಾರ್ಗಸೂಚಿ ಬರೆಯಲೆಂದೇ ಒಂದು ಮಂಡಳಿ ಇದೆ. ಮೊದಲ ಅವಕಾಶದಲ್ಲೇ ತಪ್ಪೊಪ್ಪಿಕೊಂಡರೆ ಮೂರನೇ ಒಂದು ಭಾಗದವರೆಗೆ ಶಿಕ್ಷೆ ಇಳಿಸಬಹುದು ಅಂತ ಅಲ್ಲಿ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಶಿಕ್ಷೆ ವಿಧಿಸುವುದಕ್ಕೆ ಸ್ಪಷ್ಟ ತತ್ವಗಳು ಬೆಳೆದೇ ಇಲ್ಲ ಅಂತ 2008ರ ಪ್ರೇಮ್ ಸಾಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಬೇಸರದಿಂದ ಹೇಳಿತ್ತು. ಸಾಮಾನ್ಯ ತಪ್ಪೊಪ್ಪಿಗೆಗೆ ಇಷ್ಟು ರಿಯಾಯಿತಿ ಅಂತ ನಿಗದಿ ಮಾಡುವ ನಿಯಮ ಇವತ್ತಿಗೂ ಇಲ್ಲ. ಒಪ್ಪಿಕೊಂಡದ್ದನ್ನು ನ್ಯಾಯಾಧೀಶರು ಪರಿಗಣಿಸಬಹುದು. ಎಷ್ಟು ಅನ್ನುವುದು ಅವರಿಗೆ ಬಿಟ್ಟದ್ದು.

ಹೀಗಿರುವಾಗ ಮೇಲಿನ ಕೋರ್ಟ್ ಏನನ್ನು ನೋಡುತ್ತದೆ? "ನಾನಾಗಿದ್ದರೆ ಆರು ತಿಂಗಳು ಕೊಡುತ್ತಿದ್ದೆ, ಇವರು ಒಂಬತ್ತು ಕೊಟ್ಟಿದ್ದಾರೆ" ಅನ್ನುವುದು ಇಳಿಸೋಕೆ ಕಾರಣವಾಗುವುದಿಲ್ಲ. ಅಷ್ಟರ ಮಟ್ಟಿಗಿನ ಸ್ವಾತಂತ್ರ್ಯ ಕೆಳಗಿನ ಕೋರ್ಟಿಗೆ ಇದ್ದೇ ಇದೆ. ಅಪರಾಧಕ್ಕೂ ಶಿಕ್ಷೆಗೂ ಎದ್ದುಕಾಣುವ ಹೊಂದಾಣಿಕೆ ತಪ್ಪಿರಬೇಕು. ಇಲ್ಲವೇ ನೋಡಲೇಬೇಕಾದ ಏನನ್ನೋ ನೋಡದೆ ಶಿಕ್ಷೆ ಬರೆದಿರಬೇಕು. ನನ್ನ ಪ್ರಕಾರ ಗೆಲ್ಲುವ ಅಪೀಲುಗಳ ಜೀವ ಈ ಎರಡನೆಯದರಲ್ಲಿದೆ. ಶಿಕ್ಷೆ ಕ್ರೂರ ಅಂತ ಕೂಗುವುದಕ್ಕಿಂತ, ಆದೇಶದಲ್ಲಿ ಇರಬೇಕಾದ ಇಂಥ ಮಾತು ಇಲ್ಲ ಅಂತ ಬೆರಳಿಟ್ಟು ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಹಾಗೆ ಬೆರಳಿಡಲು ಒಳ್ಳೆಯ ಜಾಗ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ಪ್ರೊಬೇಷನ್ ಅಂದರೆ ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವುದು. ಅದರ 6ನೇ ಸೆಕ್ಷನ್ ಪ್ರಕಾರ ಅಪರಾಧಿಗೆ 21 ವರ್ಷ ತುಂಬಿಲ್ಲದಿದ್ದರೆ, ಅಪರಾಧ ಜೀವಾವಧಿ ಶಿಕ್ಷೆಯದ್ದಲ್ಲದಿದ್ದರೆ, ಸುಮ್ನೆ ಜೈಲಿಗೆ ಕಳಿಸುವಂತಿಲ್ಲ. ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಬೇಕು. ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವುದು ಯಾಕೆ ಸರಿಯಲ್ಲ ಅಂತ ಕಾರಣ ಬರೆಯಬೇಕು. ನಮ್ಮ ಹುಡುಗನ ಆದೇಶದಲ್ಲಿ "ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ಇಂಥ ಅಪರಾಧಗಳು ಹೆಚ್ಚುತ್ತಿವೆ" ಅಂತ ಎರಡು ಸಾಲು ಬರೆದು ಎರಡು ವರ್ಷ ಹಾಕಿದ್ದರೆ, ವರದಿಯೂ ಇಲ್ಲ, ಕಾರಣವೂ ಇಲ್ಲ. ಬಿಎನ್‌ಎಸ್‌ಎಸ್‌ನ 402ನೇ ಸೆಕ್ಷನ್ ಕೂಡ ಇದನ್ನೇ ಇನ್ನಷ್ಟು ಬಿಗಿ ಮಾಡುತ್ತದೆ. ಪ್ರೊಬೇಷನ್ ಕೊಡಬಹುದಾದ ಪ್ರಕರಣದಲ್ಲಿ ಕೊಡದಿದ್ದರೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲೇ ದಾಖಲಿಸಬೇಕು. ಪ್ರೊಬೇಷನ್ ಕೊಡುವ ಅಧಿಕಾರ ಅಪೀಲು ಕೋರ್ಟಿಗೂ ಇದೆ, ಕಾಯ್ದೆಯ 11ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಮೊದಲ ಅಪರಾಧ, ಚಿಕ್ಕ ವಯಸ್ಸು, ಕದ್ದದ್ದು ವಾಪಸ್ ಬಂದಿರುವುದು, ವಿಚಾರಣೆಯ ಸಮಯ ಉಳಿಸಿದ್ದು, ಜೊತೆಗಿದ್ದ ಇನ್ನೊಬ್ಬ ಆರೋಪಿಗೆ ಅದೇ ಕೃತ್ಯಕ್ಕೆ ಕಡಿಮೆ ಶಿಕ್ಷೆ ಆಗಿರುವುದು, ಈಗಾಗಲೇ ಜೈಲಿನಲ್ಲಿ ಕಳೆದ ದಿನಗಳು: ಇವೆಲ್ಲ ಅಪೀಲಿನಲ್ಲಿ ಬರುವ ಮಾತುಗಳು. "ಜೈಲಿನಲ್ಲಿ ಕಳೆದ ಅವಧಿಗೇ ಶಿಕ್ಷೆಯನ್ನು ಸೀಮಿತಗೊಳಿಸಲಾಗಿದೆ" ಅನ್ನುವ ಸಾಲನ್ನು ಅಪೀಲು ತೀರ್ಪುಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಬರೀ ಬಡತನ, ಬರೀ ಮನೆಯ ಜವಾಬ್ದಾರಿ ಅನ್ನುವ ವಾದಕ್ಕೆ ಅಷ್ಟು ತೂಕ ಇರುವುದಿಲ್ಲ, ಯಾಕೆಂದರೆ ಬಹುಪಾಲು ಆರೋಪಿಗಳ ಕಥೆ ಅದೇ.

ದುಡ್ಡು ಕೊಟ್ಟರೆ ಶಿಕ್ಷೆ ಇಳಿಯುತ್ತೆ ಅನ್ನುವ ನಂಬಿಕೆಯೂ ಇದೆ. ಸೌರಭ್ ಬಕ್ಷಿ ಪ್ರಕರಣ ಅಂತ ಕಾನೂನು ವಲಯದಲ್ಲಿ ಗೊತ್ತಿರುವ ಪಂಜಾಬಿನ ಒಂದು ರಸ್ತೆ ಅಪಘಾತದಲ್ಲಿ ಇಬ್ಬರು ಸತ್ತಿದ್ದರು. ಕೆಳಗಿನ ಕೋರ್ಟ್ ಒಂದು ವರ್ಷ ಕೊಟ್ಟಿತ್ತು. ಪರಿಹಾರ ಕೊಟ್ಟಿದ್ದಾನೆ ಅಂತ ಹೈಕೋರ್ಟ್ ಅದನ್ನು ಅವನು ಜೈಲಿನಲ್ಲಿ ಕಳೆದಿದ್ದ 24 ದಿನಕ್ಕೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ ಆರು ತಿಂಗಳಿಗೆ ಏರಿಸಿತು. ಅವನು ತಪ್ಪೊಪ್ಪಿಕೊಂಡವನಲ್ಲ, ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ: ಅತಿಯಾಗಿ ಇಳಿಸಿದರೂ ಶಿಕ್ಷೆ ನಿಲ್ಲುವುದಿಲ್ಲ. ಇನ್ನು ಕಾನೂನೇ ಕನಿಷ್ಠ ಶಿಕ್ಷೆ ನಿಗದಿ ಮಾಡಿರುವ ಅಪರಾಧಗಳಲ್ಲಿ, ಮಾದಕವಸ್ತು ಕಾಯ್ದೆಯ ವಾಣಿಜ್ಯ ಪ್ರಮಾಣದ ಪ್ರಕರಣಗಳಿಗೆ ಹತ್ತು ವರ್ಷ ಇದ್ದ ಹಾಗೆ, ಅಪೀಲು ಕೋರ್ಟ್ ಎಷ್ಟು ಮರುಗಿದರೂ ಅದಕ್ಕಿಂತ ಕೆಳಗೆ ಇಳಿಸಲಾರದು.

ಒಪ್ಪಿಗೆಯೇ ಸರಿಯಿಲ್ಲದಿದ್ದರೆ?

ಕೆಲವು ಸಲ ಶಿಕ್ಷೆಗಿಂತ ಒಪ್ಪಿಗೆಯಲ್ಲೇ ತೊಂದರೆ ಇರುತ್ತದೆ. ಭಾಷೆ ಅರ್ಥವಾಗದೆ ತಲೆಯಾಡಿಸಿರುತ್ತಾರೆ. "ಮೊಬೈಲ್ ತಗೊಂಡೆ, ಆದರೆ ನನ್ನ ಸ್ನೇಹಿತನದು ಅಂದುಕೊಂಡಿದ್ದೆ" ಅಂದದ್ದನ್ನು ಒಪ್ಪಿಗೆ ಅಂತ ಬರೆದುಕೊಂಡಿರುತ್ತಾರೆ. ಇದು ಕಳ್ಳತನದ ಒಪ್ಪಿಗೆಯೇ ಅಲ್ಲ, ಕದಿಯುವ ಉದ್ದೇಶವೇ ಇಲ್ಲವಲ್ಲ. ಒಪ್ಪಿಗೆಯನ್ನು ಆದಷ್ಟು ಆರೋಪಿಯ ಮಾತಿನಲ್ಲೇ ದಾಖಲಿಸಬೇಕು ಅನ್ನುವ ನಿಯಮವನ್ನು ಮ್ಯಾಜಿಸ್ಟ್ರೇಟ್ ಪಾಲಿಸಲಿಲ್ಲ ಅಂತ ಸುಪ್ರೀಂ ಕೋರ್ಟ್ ಒಂದು ಗಾಂಜಾ ಪ್ರಕರಣದ ಶಿಕ್ಷೆಯನ್ನೇ ರದ್ದು ಮಾಡಿದ್ದಿದೆ. 1966ರ ಕಾನೂನು ವರದಿಗಳಲ್ಲಿ ಇರುವ ಮಹಂತ್ ಕೌಶಲ್ಯ ದಾಸ್ ಪ್ರಕರಣ ಅದು. ಆರೋಪಿಯ ಬಾಯಿಂದ ಬಂದ ಮಾತು ದಾಖಲೆಯಲ್ಲಿ ಇಲ್ಲದಿದ್ದರೆ, ಅವನು ಏನನ್ನು ಒಪ್ಪಿದ ಅಂತ ಮೇಲಿನ ಕೋರ್ಟಿಗೆ ತಿಳಿಯುವುದಾದರೂ ಹೇಗೆ?

ಇನ್ನೊಂದು ಪ್ರಕರಣ ನಮ್ಮ ಕರ್ನಾಟಕದ್ದೇ. ಅಜಾಗರೂಕತೆಯಿಂದ ಸಾವು ತಂದ ಆರೋಪ. ಆರೋಪಿ ಒಪ್ಪಿಕೊಂಡ, ಮ್ಯಾಜಿಸ್ಟ್ರೇಟ್ ದಂಡ ಹಾಕಿ ಬಿಟ್ಟರು. ಸರ್ಕಾರ ಶಿಕ್ಷೆ ಕಡಿಮೆ ಆಯ್ತು ಅಂತ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ಜೈಲು ಶಿಕ್ಷೆ ಕೊಟ್ಟಿತು. 1983ರ ವರದಿಗಳಲ್ಲಿರುವ ತಿಪ್ಪೇಸ್ವಾಮಿ ಪ್ರಕರಣ ಇದು. ಸಣ್ಣ ಶಿಕ್ಷೆಯ ಆಸೆ ತೋರಿಸಿ ಒಪ್ಪಿಗೆ ಪಡೆದು, ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು ಸುಪ್ರೀಂ ಕೋರ್ಟ್. ಹಾಗೆ ಏರಿಸಲೇಬೇಕಾದರೆ ಒಪ್ಪಿಗೆಯನ್ನೇ ಬದಿಗಿಟ್ಟು, ಅವನಿಗೆ ಕೇಸು ನಡೆಸಿ ತನ್ನನ್ನು ಸಮರ್ಥಿಸಿಕೊಳ್ಳುವ ಅವಕಾಶ ಕೊಡಿ ಅಂತ ಪ್ರಕರಣವನ್ನು ವಾಪಸ್ ಕಳಿಸಿತು. ನಲವತ್ತು ವರ್ಷ ಕಳೆದರೂ ಈ ತೀರ್ಪಿನ ಮಾತು ನನಗೆ ತುಂಬ ನ್ಯಾಯವಾಗಿ ಕಾಣುತ್ತದೆ.

ಚೌಕಾಸಿಯ ಒಪ್ಪಿಗೆ ಬೇರೆ

ಇಲ್ಲಿ ಬಹಳ ಜನ ಎಡವುತ್ತಾರೆ. ಸುಮ್ನೆ "ತಪ್ಪು ಒಪ್ಪಿದೆ" ಅನ್ನುವುದು ಒಂದು. ಅರ್ಜಿ ಹಾಕಿ, ದೂರುದಾರರ ಜೊತೆ ಕೂತು ಮಾತಾಡಿ, ಪರಿಹಾರ ಗೊತ್ತು ಮಾಡಿಕೊಂಡು ಒಪ್ಪುವ ಪ್ಲೀ ಬಾರ್ಗೇನಿಂಗ್ ಇನ್ನೊಂದು. ಇದು ನಮ್ಮಲ್ಲಿ 2006ರ ಜುಲೈನಿಂದ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಮಹಿಳೆಯರ ಮೇಲಿನ ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಇಲ್ಲ. ಆರೋಪ ನಿಗದಿಯಾದ 30 ದಿನದೊಳಗೆ ಅರ್ಜಿ ಹಾಕಬೇಕು ಅಂತ ಬಿಎನ್‌ಎಸ್‌ಎಸ್ ಈಗ ಗಡುವನ್ನೂ ಹಾಕಿದೆ.

ಇದರಲ್ಲಿ ರಿಯಾಯಿತಿ ಬರವಣಿಗೆಯಲ್ಲೇ ಇದೆ. ಕನಿಷ್ಠ ಶಿಕ್ಷೆ ಇರುವ ಅಪರಾಧವಾದರೆ ಅದರ ಅರ್ಧ, ಮೊದಲ ಸಲದವನಾದರೆ ನಾಲ್ಕನೇ ಒಂದು ಭಾಗ ಕೊಡಬಹುದು. ಉಳಿದ ಅಪರಾಧಗಳಿಗೆ ಕಾನೂನು ಹೇಳಿದ ಶಿಕ್ಷೆಯ ನಾಲ್ಕನೇ ಒಂದು ಭಾಗ, ಮೊದಲ ಸಲದವನಿಗೆ ಆರನೇ ಒಂದು ಭಾಗ. ಮೂರು ವರ್ಷದ ಕಳ್ಳತನಕ್ಕೆ ಅಂದರೆ ಆರು ತಿಂಗಳ ಲೆಕ್ಕ. ನಮ್ಮ ಹುಡುಗ ಮೊದಲೇ ವಕೀಲರನ್ನು ಕೇಳಿದ್ದರೆ ಈ ದಾರಿ ಹಿಡಿಯಬಹುದಿತ್ತು.

ಆದರೆ ಇದಕ್ಕೊಂದು ಬೆಲೆ ಇದೆ. 295ನೇ ಸೆಕ್ಷನ್ ಪ್ರಕಾರ ಈ ತೀರ್ಪೇ ಅಂತಿಮ. ಶಿಕ್ಷೆ ಜಾಸ್ತಿ ಅಂತಲೂ ಮಾಮೂಲಿ ಅಪೀಲು ಹಾಕುವಂತಿಲ್ಲ. ಸುಪ್ರೀಂ ಕೋರ್ಟಿಗೆ 136ನೇ ವಿಧಿಯ ವಿಶೇಷ ಅರ್ಜಿ, ಹೈಕೋರ್ಟಿಗೆ 226 ಮತ್ತು 227ನೇ ವಿಧಿಗಳ ರಿಟ್ ಅರ್ಜಿ, ಇಷ್ಟೇ ಉಳಿಯುವುದು. ಅಲ್ಲಿ "ಸ್ವಲ್ಪ ಇಳಿಸಿ" ಅನ್ನುವ ಮಾತು ನಡೆಯುವುದು ಕಷ್ಟ. ಸಹಿ ಹಾಕುವ ಮುಂಚೆ ಇದು ಯಾವ ಬಗೆಯ ಒಪ್ಪಿಗೆ ಅಂತ ಕೇಳಿ ತಿಳಿದುಕೊಂಡಿರಬೇಕು.

ಅಪೀಲು ಹಾಕಿದರೆ ಶಿಕ್ಷೆ ಏರಿಬಿಟ್ಟರೆ?

ಎಷ್ಟೋ ಜನ ಈ ಭಯಕ್ಕೇ ಹಿಂಜರಿಯುತ್ತಾರೆ. ಬಿಎನ್‌ಎಸ್‌ಎಸ್‌ನ 427ನೇ ಸೆಕ್ಷನ್ ಧೈರ್ಯ ಕೊಡುತ್ತದೆ. ಅಪರಾಧಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆಯನ್ನು ಬದಲಿಸಬಹುದು, ಏರಿಸುವಂತಿಲ್ಲ. ಏರಿಸಬೇಕಾದರೆ ಸರ್ಕಾರ ಪ್ರತ್ಯೇಕವಾಗಿ ಅಪೀಲು ಹಾಕಿರಬೇಕು, ಅಪರಾಧಿಗೆ ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕು. ಹೈಕೋರ್ಟಿಗೆ ರಿವಿಷನ್ ಅಧಿಕಾರದಲ್ಲಿ, ಅಂದರೆ ಕೆಳಗಿನ ಕೋರ್ಟಿನ ಆದೇಶವನ್ನು ಮರುಪರಿಶೀಲಿಸುವ ಅಧಿಕಾರದಲ್ಲಿ, ಏರಿಸುವ ದಾರಿ ಇದೆಯಾದರೂ, ಅಪರಾಧಿಯ ಅಪೀಲನ್ನೇ ವಿಚಾರಿಸುತ್ತಾ ಆ ಅಧಿಕಾರ ಬಳಸಿ ಶಿಕ್ಷೆ ಏರಿಸಬಾರದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರ ಏರಿಸಿ ಅಂತ ಹೋಗಿದ್ದರೆ, ಅದೇ ಅಪೀಲಿನಲ್ಲಿ ಅಪರಾಧಿ ಇಳಿಸಿ ಅಂತಲೂ ಕೇಳಬಹುದು. ದೂರುದಾರರಿಗೆ ಮಾತ್ರ ಶಿಕ್ಷೆ ಕಡಿಮೆ ಆಯ್ತು ಅಂತ ತಾವಾಗಿ ಅಪೀಲು ಹಾಕುವ ಹಕ್ಕಿಲ್ಲ.

ಕೈಗೆತ್ತಿಕೊಳ್ಳಬೇಕಾದ ಕೆಲಸ

ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಗೆ ಸೆಷನ್ಸ್ ಕೋರ್ಟಿನಲ್ಲಿ 30 ದಿನದೊಳಗೆ ಅಪೀಲು ಹಾಕಬೇಕು. ಹೈಕೋರ್ಟಿಗೆ ಹೋಗುವುದಾದರೆ 60 ದಿನ. ತೀರ್ಪಿನ ಪ್ರತಿ ಸಿಗೋಕೆ ಹಿಡಿದ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ. ತಡವಾದರೆ ಕಾರಣ ಕೊಟ್ಟು ಮನ್ನಾ ಕೇಳಬಹುದು. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು, ಕೊಡದಿದ್ದರೆ ಕೇಳಿ. ಜೈಲಿನಲ್ಲೇ ಇದ್ದರೆ ಅಪೀಲನ್ನು ಜೈಲು ಅಧಿಕಾರಿಯ ಕೈಗೆ ಕೊಟ್ಟರೂ ಸಾಕು, ಅವರು ಕೋರ್ಟಿಗೆ ಕಳಿಸಬೇಕು. ಬಂಧನದಲ್ಲಿ ಇರುವವರಿಗೆ ವಕೀಲರೂ ಉಚಿತ, ಆದಾಯದ ಲೆಕ್ಕ ಯಾರೂ ಕೇಳುವುದಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಬರೆಯಬೇಕು ಅಷ್ಟೇ.

ಅಪೀಲಿನ ಜೊತೆಯಲ್ಲೇ ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಡಿ ಅನ್ನುವ ಅರ್ಜಿಯೂ ಹೋಗಬೇಕು. ಇದನ್ನು ಬಿಟ್ಟರೆ ಅಪೀಲು ಹಾಕಿಯೂ ಪ್ರಯೋಜನ ಇರುವುದಿಲ್ಲ. ಆರು ತಿಂಗಳ ಶಿಕ್ಷೆಯ ಮೇಲಿನ ಅಪೀಲು ಎಂಟು ತಿಂಗಳ ನಂತರ ವಿಚಾರಣೆಗೆ ಬಂದರೆ ಇಳಿಸೋಕೆ ಏನು ಉಳಿದಿರುತ್ತದೆ? ಶಿಕ್ಷೆ ಮೂರು ವರ್ಷದೊಳಗಿದ್ದು, ಅವನು ಆಗ ಜಾಮೀನಿನ ಮೇಲಿದ್ದರೆ, ಅಪೀಲು ಹಾಕುತ್ತೇನೆ ಅಂತ ಹೇಳಿದರೆ ಶಿಕ್ಷೆ ಕೊಟ್ಟ ಕೋರ್ಟೇ ಅಲ್ಲಿಯವರೆಗೆ ಬಿಡಬೇಕು. ಬಿಡದಿರಲು ವಿಶೇಷ ಕಾರಣ ಇರಬೇಕು. 430ನೇ ಸೆಕ್ಷನ್ ಇದನ್ನು ಹೇಳುತ್ತದೆ. ಹಾಗಾಗಿ ತೀರ್ಪಿನ ದಿನವೇ, ಅದೇ ಕೋರ್ಟ್ ಹಾಲಿನಲ್ಲೇ ಕೇಳಬೇಕಾದ ವಿಷಯ ಇದು.

ಅಪೀಲಿನ ಅರ್ಜಿಯಲ್ಲಿ "ನಾನು ಕದ್ದೇ ಇಲ್ಲ" ಅಂತ ಒಂದು ಸಾಲೂ ಬರೆಯಬೇಡಿ. ಅದನ್ನು ಕೋರ್ಟ್ ಕೇಳುವುದಿಲ್ಲ, ಉಳಿದ ವಾದದ ಮೇಲಿನ ನಂಬಿಕೆಯೂ ಹೋಗುತ್ತದೆ. ವಯಸ್ಸಿನ ದಾಖಲೆ, ಓದುತ್ತಿದ್ದರೆ ಅಥವಾ ಕೆಲಸದಲ್ಲಿದ್ದರೆ ಅದರ ಪತ್ರ, ಹಿಂದಿನ ಕೇಸು ಇಲ್ಲ ಅನ್ನುವುದು, ಜೈಲಿನಲ್ಲಿ ಕಳೆದ ದಿನಗಳ ಲೆಕ್ಕ, ಇಷ್ಟನ್ನು ಜೋಡಿಸಿ. ನಿಜ ಹೇಳಬೇಕೆಂದರೆ ಇವು ತಪ್ಪೊಪ್ಪಿಕೊಂಡ ದಿನವೇ ದಾಖಲೆಗೆ ಹೋಗಿರಬೇಕಿತ್ತು. ಒಪ್ಪಿಕೊಂಡ ಕೇಸಿನಲ್ಲಿ ಸಾಕ್ಷಿ ಇಲ್ಲ, ಪಾಟೀಸವಾಲು ಇಲ್ಲ, ಇಡೀ ಕಡತ ನಾಲ್ಕಾರು ಹಾಳೆ. ಶಿಕ್ಷೆಯ ಬಗ್ಗೆ ಅವನ ಪರವಾಗಿ ಆ ದಿನ ಯಾರೂ ಏನೂ ಹೇಳದಿದ್ದರೆ ಸೆಷನ್ಸ್ ನ್ಯಾಯಾಧೀಶರ ಮುಂದೆ ಇರುವುದು ಆರೋಪ ಮತ್ತು "ಹೌದು" ಅನ್ನುವ ಮಾತು ಎರಡೇ.

ಸೆಷನ್ಸ್ ಕೋರ್ಟಿನಲ್ಲೂ ಇಳಿಯದಿದ್ದರೆ ಹೈಕೋರ್ಟಿಗೆ ರಿವಿಷನ್ ಅರ್ಜಿ ಹಾಕಬಹುದು, 90 ದಿನದೊಳಗೆ. ಅದು ಎರಡನೇ ಅಪೀಲಲ್ಲ. ಶಿಕ್ಷೆ ಕಾನೂನಿಗೆ ವಿರುದ್ಧವಾಗಿದೆಯಾ, ತೀರಾ ಅನುಚಿತವಾಗಿದೆಯಾ ಅಂತ ಮಾತ್ರ ಅಲ್ಲಿ ನೋಡುತ್ತಾರೆ. ಅಪೀಲು ಹಾಕಬಹುದಾಗಿದ್ದೂ ಹಾಕದವರು ನೇರವಾಗಿ ರಿವಿಷನ್‌ಗೆ ಹೋಗುವಂತಿಲ್ಲ, ಹಾಗಾಗಿ ಆ ಮೊದಲ 30 ದಿನ ಕೈಬಿಟ್ಟರೆ ಮುಂದಿನ ಬಾಗಿಲೂ ಮುಚ್ಚಿಕೊಳ್ಳುತ್ತದೆ.